ಗುಡುಗು ಬೇಕೆಂದವನು

ಯಾರಾದರೂ ಬೈದರೆ ಕೊಟ್ರೇಶ ತಲೆಯಾಡಿಸುತ್ತಿದ್ದ.

ಒಪ್ಪಿದೆ ಎಂದಲ್ಲ, ಬೈಯುವವರು ಮಾತು ಮುಗಿಸಲಿ ಎಂದು. ಚಿಕ್ಕಂದಿನಿಂದ ಅಂಟಿಕೊಂಡ ಅಭ್ಯಾಸ. ಬೈಯುವವರಿಗೆ ಅದೇನು ಗೊತ್ತು? ಮಾತು ನಾಟಿತು ಎಂದುಕೊಂಡು ಇನ್ನೆರಡು ಸೇರಿಸಿಯೇ ಬೈಯುತ್ತಿದ್ದರು.

ಆ ಬೇಸಿಗೆಯಲ್ಲಂತೂ ಅವನ ಕುತ್ತಿಗೆಗೆ ಬಿಡುವೇ ಇರಲಿಲ್ಲ.

ಹೊಳೆಯ ಎರಡೂ ದಡದಲ್ಲಿ ಊರಿತ್ತು. ಬೇಸಿಗೆಯಲ್ಲಿ ನೀರು ಒಂದು ಮಗ್ಗುಲಿಗೆ ಸರಿದು ಮರಳು ಬಯಲಾಗುತ್ತಿತ್ತು. ಆಗ ಈ ದಡದವರೂ ಆ ದಡದವರೂ ಮರಳಿನ ಮೇಲೆ ಫುಟ್‌ಬಾಲ್ ಆಡುತ್ತಿದ್ದರು. ವಾರಕ್ಕೊಂದು ಆಟ, ಮುಂಗಾರಿನ ಕೆಂಪು ನೀರು ಬಂದು ಮರಳನ್ನು ಮುಚ್ಚುವವರೆಗೆ.

ಈ ದಡದ ಹುಡುಗರಿಗೆ ನಲವತ್ತು ವರ್ಷ ಆಟ ಕಲಿಸಿದವರು ಮರುಳಯ್ಯ ಗುರುಗಳು. ಮೊಣಕಾಲು ಮಾತು ಕೇಳದಂತಾದ ಮೇಲೆ ತಮ್ಮ ಸೀಟಿಯನ್ನು ಶಿಷ್ಯ ಕೊಟ್ರೇಶನ ಕೊರಳಿಗೆ ಹಾಕಿ, ದಡದ ಮೇಲಿನ ಕಲ್ಲುಮಂಟಪ ಸೇರಿಕೊಂಡರು. ಕೊಟ್ರೇಶನಿಗೆ ಆಗ ಇಪ್ಪತ್ತಾರು.

ಸೀಟಿ ಹಾಕಿಕೊಂಡ ಮೊದಲ ಬೇಸಿಗೆಯಲ್ಲೇ ಅವನು ಸೋತ.

ಸೋತ ದಡಕ್ಕೆ ಒಂದು ಸಮಾಧಾನವಿತ್ತು. ಮರುವರ್ಷ ಸುತ್ತಲ ಹಳ್ಳಿಗಳಿಂದ ಬಂದ ಹೊಸ ಆಟಗಾರರನ್ನು ಹಂಚಿಕೊಳ್ಳುವಾಗ ಮೊದಲ ಮಾತು ಅವರದು.

ಹಂಚಿಕೊಳ್ಳುವ ಕ್ರಮ, ಓಣಿಯ ಮಕ್ಕಳು ಪಕ್ಷ ಕಟ್ಟುವ ಕ್ರಮವೇ. ಹೊಸಬರು ಇಬ್ಬಿಬ್ಬರಾಗಿ ಹುಣಸೆಮರದ ಹಿಂದೆ ಹೋಗುತ್ತಾರೆ. ಗುಟ್ಟಾಗಿ ಒಬ್ಬೊಬ್ಬರು ಒಂದೊಂದು ಹೆಸರಿಟ್ಟುಕೊಳ್ಳುತ್ತಾರೆ. ಹೆಗಲ ಮೇಲೆ ಕೈಹಾಕಿಕೊಂಡು ಬಂದು ಕೇಳುತ್ತಾರೆ: "ಹೂ ಬೇಕಾ, ಕಾಯಿ ಬೇಕಾ?" ಯಾವ ಹೆಸರು ಯಾರದು ಎಂದು ಕೇಳುವ ಹಾಗಿಲ್ಲ. ಕಣ್ಸನ್ನೆ ಮಾಡಿದರೆ ಜೋಡಿಯೇ ರದ್ದು.

ಆ ವರ್ಷ ಮೊದಲ ಜೋಡಿ ಬಂದು ಕೇಳಿತು: "ಮಿಂಚು ಬೇಕಾ, ಗುಡುಗು ಬೇಕಾ?"

ಕೊಟ್ರೇಶ "ಗುಡುಗು" ಅಂದ.

ಗುಡುಗು ಅಂದರೆ ದುರುಗೇಶ. ಹದಿನೆಂಟು ವರ್ಷ, ಉದ್ದನೆಯ ಕಾಲು, ಕಡಿಮೆ ಮಾತು. ಮಿಂಚು ಎಂದು ಹೆಸರಿಟ್ಟುಕೊಂಡಿದ್ದ ಅನ್ವರ ಆಚೆ ದಡಕ್ಕೆ ಹೋದ. ಮೊದಲ ಆಟದಲ್ಲಿ ಮೂರು ಗೋಲು ಹೊಡೆದ. ಎರಡನೆಯದರಲ್ಲಿ ಎರಡು.

ದುರುಗೇಶನ ಕಾಲಿಗೆ ಚೆಂಡು ಬಂದರೆ ಅವನು ನಿಲ್ಲುತ್ತಿದ್ದ. ತಲೆಯೆತ್ತಿ ಸುತ್ತ ನೋಡುತ್ತಿದ್ದ. ನೋಡಿ ಮುಗಿಸುವಷ್ಟರಲ್ಲಿ ಚೆಂಡು ಇನ್ನೊಬ್ಬರದಾಗಿರುತ್ತಿತ್ತು.

ಈ ದಡದವರು ಎರಡೂ ಆಟ ಸೋತರು.

ಮರಳಿಗೆ ಎದುರಾಗಿ ಕಲ್ಲಣ್ಣನ ಚಾದಂಗಡಿ. ದಡದ ಮಾತು ಅಂದರೆ ಆ ಅಂಗಡಿಯ ಮಾತು. ಕಲ್ಲಣ್ಣನಿಗೆ ಅರವತ್ತರ ಹತ್ತಿರ. ಒಂದು ಆಟ ತಪ್ಪಿಸಿದವನಲ್ಲ, ಒಬ್ಬ ಆಟಗಾರನನ್ನು ಹೊಗಳಿದವನೂ ಅಲ್ಲ.

"ಹೆಸರು ಕೇಳಿದರೇ ಗೊತ್ತಾಗಬಾರದಾ?" ಅಂದ ಅವನು, ಚಾ ಎತ್ತಿ ಹೊಯ್ಯುತ್ತಾ. "ಮಿಂಚು ಮೊದಲು ಬರ್ತದೆ, ಗುಡುಗು ಆಮೇಲೆ ಬರ್ತದೆ. ಮೂರನೇ ಕ್ಲಾಸಿನ ಕೂಸಿಗೂ ಗೊತ್ತು."

"ಗುಡುಗಿದ್ದಾದರೂ ಎಲ್ಲಿ?" ಅಂದ ಸೈಕಲ್ ಅಂಗಡಿಯ ಗೌಸ್ ಸಾಬ್. "ಬರೀ ಮೋಡ."

"ನಾನಾಗಿದ್ದರೆ ಕಣ್ಣುಮುಚ್ಚಿಕೊಂಡು ಮಿಂಚು ಅಂತಿದ್ದೆ," ಅಂದ ಕ್ಷೌರದ ಷಣ್ಮುಖಪ್ಪ.

"ನೀನು ಕಣ್ಣುಮುಚ್ಚಿಕೊಂಡು ಏನೇನು ಮಾಡ್ತೀ ಅನ್ನೋದು ನನ್ನ ತಲೆ ನೋಡಿದರೇ ಗೊತ್ತಾಗ್ತದೆ," ಅಂದ ಗೌಸ್ ಸಾಬ್.

ಅಂಗಡಿಯೆಲ್ಲ ನಕ್ಕಿತು. ಮೂಲೆಯಲ್ಲಿ ನಿಂತಿದ್ದ ಕೊಟ್ರೇಶನೂ ತಲೆಯಾಡಿಸಿದ.

ಕಲ್ಲಣ್ಣ ನಗಲಿಲ್ಲ.

"ಏ ಕೊಟ್ರಾ, ನಾಡಿದ್ದು ಅಮಾವಾಸ್ಯೆ. ಅಷ್ಟರೊಳಗೆ ಆ ಹುಡುಗನ್ನ ವಾಪಸ್ ಕಳಿಸು, ಇಲ್ಲ ಸೀಟಿ ಕೆಳಗಿಡು. ಎರಡರಲ್ಲಿ ಒಂದು."

ಅದೂ ಒಂದು ಕ್ರಮವೇ. ಆರಿಸಿಕೊಂಡವರಲ್ಲಿ ಒಬ್ಬನನ್ನು ಮೊದಲ ಅಮಾವಾಸ್ಯೆಯೊಳಗೆ ವಾಪಸ್ ಕಳಿಸಬಹುದು, ಊರಿನ ಉಳಿದ ಹುಡುಗರಲ್ಲಿ ಒಬ್ಬನನ್ನು ಬದಲಿಗೆ ತಗೊಳ್ಳಬಹುದು. ವಾಪಸ್ ಹೋದವನು ಆ ಬೇಸಿಗೆ ಯಾವ ದಡಕ್ಕೂ ಆಡುವ ಹಾಗಿಲ್ಲ. ಮರುವರ್ಷ ಬರಬಹುದು, ಅಡ್ಡಿಯಿಲ್ಲ. ಆದರೆ ಬಂದವನ ಹೆಗಲ ಮೇಲೆ ಕೈಹಾಕಿ ಜೋಡಿ ನಿಲ್ಲಲು ಯಾರೂ ಮುಂದೆ ಬರುತ್ತಿರಲಿಲ್ಲ.

ಕೊಟ್ರೇಶ ತಲೆಯಾಡಿಸಿದ. ಅಂಗಡಿಯವರು ಅದನ್ನು ಒಪ್ಪಿಗೆ ಎಂದುಕೊಂಡರು.

ಸಂಜೆ ಮರಳಿನ ಮೇಲೆ ದುರುಗೇಶನನ್ನು ಪಕ್ಕಕ್ಕೆ ಕರೆದ.

"ಚೆಂಡು ಬಂದಾಗ ಯಾಕಪ್ಪಾ ನಿಂತುಬಿಡ್ತೀಯ?"

"ಯಾರು ಖಾಲಿ ಇದಾರೆ ಅಂತ ನೋಡ್ತೀನಣ್ಣಾ."

"ಕಾಣ್ತಾರಾ?"

"ಕಾಣ್ತಾರೆ. ಕಾಲಿಗೆ ಹೇಳೋದು ತಡ ಆಗ್ತದೆ." ಹುಡುಗ ಮರಳು ನೋಡುತ್ತಾ ನಿಂತ. ಆಮೇಲೆ ಕೇಳಿದ, "ಅಣ್ಣಾ, ನನ್ನ ಕಳಿಸಿಬಿಡ್ತೀರಂತೆ, ಹೌದಾ?"

ಕೊಟ್ರೇಶ ಬಗ್ಗಿ ಚೆಂಡು ಎತ್ತಿಕೊಂಡ. "ಹೋಗು, ಹೊತ್ತಾಯ್ತು, ಊಟ ಮಾಡು," ಅಂದ.

ಮರುದಿನ ಬೆಳಿಗ್ಗೆ ಮಂಟಪಕ್ಕೆ ಹೋದಾಗ ಗುರುಗಳು ಕಂಬಕ್ಕೊರಗಿ ಶೇಂಗಾ ಸುಲಿಯುತ್ತಿದ್ದರು.

"ಗುರುಗಳೇ, ನನ್ನಿಂದ ತಪ್ಪಾಯ್ತು."

"ಏನು ತಪ್ಪು?"

"ಗುಡುಗು ಅಂದೆ."

"ಮಿಂಚು ಅಂದಿದ್ದರೆ?"

"ಗೆಲ್ತಿದ್ವಿ."

"ಗೆದ್ದಿದ್ದರೆ ಅದು ನಿನ್ನ ಜಾಣತನ ಅಂತಿದ್ದೆಯೇನು?"

ಗುರುಗಳು ಒಂದು ಹಿಡಿ ಶೇಂಗಾ ಕೊಟ್ರೇಶನ ಮುಂದೆ ಸರಿಸಿದರು. ಅವನೂ ಸುಲಿಯತೊಡಗಿದ.

"ನೀವೊಂದು ಮಾತು ಹೇಳಿದರೆ ದಡದವರು ಮೀರೋದಿಲ್ಲ," ಅಂದ ಸ್ವಲ್ಪ ಹೊತ್ತಾದ ಮೇಲೆ. "ನನಗೆ ಇನ್ನೊಂದು ಬೇಸಿಗೆ ಕೊಡಿಸಿ, ಗುರುಗಳೇ. ಈಗಷ್ಟೇ ಶುರು ಮಾಡೀನಿ. ಕಲೀತೀನಿ."

"ಆ ಹುಡುಗ?"

"ಅವನ್ನ ಕಳಿಸಿದರೆ ಅವರೂ ತಣ್ಣಗಾಗ್ತಾರೆ. ಅವನಿನ್ನೂ ಚಿಕ್ಕವನು. ಬೇರೆ ಏನಾದರೂ ಮಾಡ್ಕೋತಾನೆ."

"ಸರಿಯಪ್ಪ," ಅಂದರು ಗುರುಗಳು. "ನಿನಗೊಂದು ಬೇಸಿಗೆ ಬೇಕು. ಯಾರದಾದರೂ ತಗೊಂಡೇ ಕೊಡಬೇಕಲ್ಲ."

ಕೊಟ್ರೇಶ ರೂಢಿಯಂತೆ ತಲೆಯಾಡಿಸಹೋದ. ಕುತ್ತಿಗೆ ಅರ್ಧದಲ್ಲೇ ನಿಂತಿತು.

"ಹಾಗಾದರೆ ನಾನೇನು ಮಾಡಲಿ?"

"ಸಂಜೆ ಕಲ್ಲಣ್ಣನ ಅಂಗಡಿಯಿಂದ ನನಗೊಂದು ಲೋಟ ಚಾ ತಂದುಕೊಡು."

"ಚಾ?"

"ಹುಡುಗರು ಆಡೋ ಹೊತ್ತಿಗೆ ಹೋಗು. ಕಲ್ಲಣ್ಣನ ಬಾಯಿ ನೋಡಬೇಡ, ಕಾಲು ನೋಡು."

ಗುರುಗಳ ಮಾತು ಮೀರುವುದುಂಟೇ? ಸಂಜೆ ಹುಡುಗರನ್ನು ಆಡಲು ಬಿಟ್ಟು ಕೊಟ್ರೇಶ ಅಂಗಡಿಗೆ ಹೋದ. ಗಿರಾಕಿಗಳು ಯಾರೂ ಇರಲಿಲ್ಲ. ಕಲ್ಲಣ್ಣ ಒಲೆಯ ಹಿಂದೆ ನಿಂತು ಮರಳಿನ ಕಡೆ ನೋಡುತ್ತಿದ್ದ. ಚಪ್ಪಲಿ ಪಕ್ಕಕ್ಕೆ ಬಿಟ್ಟಿದ್ದ.

"ಏನು, ತೀರ್ಮಾನ ಆಯ್ತೋ?" ಅಂದ.

"ಗುರುಗಳಿಗೊಂದು ಚಾ, ಅಣ್ಣಾ."

ಹಾಲು ಕಾಯಲು ಹೊತ್ತು ಹಿಡಿಯಿತು. ಕೊಟ್ರೇಶ ಕಟ್ಟೆಯ ಅಂಚಿನಲ್ಲಿ ಕೂತು ಕಲ್ಲಣ್ಣನ ಕಾಲು ನೋಡಿದ.

ಬಿರುಕುಬಿಟ್ಟ ಹಿಮ್ಮಡಿ, ಮಸಿ ಹತ್ತಿದ ಬೆರಳು. ಮರಳಿನ ಮೇಲೆ ಚೆಂಡು ಎಡಕ್ಕೆ ಹೋದರೆ ಆ ಹಿಮ್ಮಡಿ ಮೇಲೇಳುತ್ತಿತ್ತು. ಯಾರಾದರೂ ಗೋಲಿಗೆ ಹೊಡೆದರೆ ಹೆಬ್ಬೆರಳು ನೆಲ ಒತ್ತುತ್ತಿತ್ತು. ಹೊಡೆದದ್ದು ತಪ್ಪಿದರೆ ಪಾದ ಪೂರ್ತಿ ಸಪ್ಪಗೆ ನೆಲಕ್ಕೆ ಕೂರುತ್ತಿತ್ತು. ಕಲ್ಲಣ್ಣನಿಗೆ ಇದರ ಅರಿವೇ ಇದ್ದಂತಿರಲಿಲ್ಲ. ಒಂದು ಕೈ ಚಾಪುಡಿ ಹಾಕುತ್ತಿತ್ತು, ಒಂದು ಕೈ ಒಲೆ ತಗ್ಗಿಸುತ್ತಿತ್ತು.

ಅಷ್ಟರಲ್ಲಿ ಚೆಂಡು ದುರುಗೇಶನಿಗೆ ಬಂತು. ದುರುಗೇಶ ನಿಂತ.

ಕಲ್ಲಣ್ಣನ ಕಾಲೂ ನಿಂತಿತು.

"ಒದಿಯೋ ಕತ್ತೆ! ಏನು ಜಾತಕ ನೋಡ್ತಿದೀಯ!" ಎಂದು ಬಾಯಿ ಕೂಗಿತು. ಆ ಕೂಗಿನ ಕೆಳಗೆ, ಬಲಗಾಲು ಮೆಲ್ಲಗೆ, ಮಗುವನ್ನು ತೊಟ್ಟಿಲಿಗೆ ಸರಿಸುವ ಹಾಗೆ, ಬಲಕ್ಕೆ ಜಾರಿತು.

ಕೊಟ್ರೇಶ ತಟಕ್ಕನೆ ತಲೆಯೆತ್ತಿ ಮರಳು ನೋಡಿದ. ಬಲಕ್ಕೆ ದೂರದಲ್ಲಿ ಒಬ್ಬ ಹುಡುಗ ಒಂಟಿಯಾಗಿ ನಿಂತಿದ್ದ. ಅವನ ಸುತ್ತ ಯಾರೂ ಇರಲಿಲ್ಲ. ದುರುಗೇಶನ ಕಣ್ಣೂ ಅವನ ಮೇಲೇ ಇತ್ತು.

ಮರುಗಳಿಗೆಯಲ್ಲಿ ಯಾರೋ ಬಂದು ಚೆಂಡು ಕಿತ್ತುಕೊಂಡರು.

"ನೋಡಿದೆಯಾ ನಿನ್ನ ಗುಡುಗನ್ನ?" ಅಂದ ಕಲ್ಲಣ್ಣ. "ತಗೋ ಚಾ. ಆರೋದರೊಳಗೆ ಒಯ್ಯಿ."

ಗುರುಗಳು ಚಾ ಕುಡಿಯುತ್ತಾ ಕೇಳಿದರು, "ಏನು ಕಂಡಿತು?"

"ಬಾಯಿ ಒದಿ ಅಂತು. ಕಾಲು ಬಲಕ್ಕೆ ಪಾಸ್ ಕೊಟ್ಟಿತು. ಹುಡುಗ ಏನು ನೋಡ್ತಿದ್ದನೋ ಅದನ್ನೇ ಕಲ್ಲಣ್ಣನೂ ನೋಡ್ತಿದ್ದ." ಕೊಟ್ರೇಶ ತಡೆದು ಕೇಳಿದ, "ಕಲ್ಲಣ್ಣ ಆಡ್ತಿದ್ದನಾ?"

"ನಾನು ಸೀಟಿ ಹಾಕಿಕೊಂಡ ಎರಡನೇ ಬೇಸಿಗೆ," ಅಂದರು ಗುರುಗಳು. "ಮೊದಲ ಜೋಡಿಯಲ್ಲಿ ಬಂದವನು. ಚೆಂಡು ಸಿಕ್ಕರೆ ನಿಂತು ನೋಡ್ತಿದ್ದ. ಎರಡು ಆಟ ಸೋತ್ವಿ. ದಡದವರು ಬಂದು ಹುಡುಗನೋ ಸೀಟಿಯೋ ಅಂದರು."

"ಆಮೇಲೆ?"

"ಸೀಟಿ ನಲವತ್ತು ವರ್ಷ ನನ್ನ ಕೊರಳಲ್ಲೇ ಇತ್ತಲ್ಲ, ತಮ್ಮಾ."

ಹೊಳೆಯ ಕಡೆಯಿಂದ ಹುಡುಗರ ಕೂಗು ಕೇಳುತ್ತಿತ್ತು.

"ಮರುವರ್ಷ ಬರಲಿಲ್ವಾ?"

"ಬಂದಿದ್ದ. ಹುಣಸೆಮರದ ಹಿಂದೆ ಒಬ್ಬನೇ ನಿಂತಿದ್ದ. ಸಂಜೆಯವರೆಗೆ ನಿಂತಿದ್ದ."

ಕೊಟ್ರೇಶ ಹುಣಸೆಮರದ ಕಡೆ ನೋಡಿದ. ಆಮೇಲೆ ಕೇಳಿದ, "ನೀವು ಮಾಡಿದ್ದು ತಪ್ಪು ಅಂತೀರಾ, ಗುರುಗಳೇ?"

"ಆ ವರ್ಷ ನಾವು ಗೆದ್ವಿ," ಅಂದರು ಗುರುಗಳು. "ಲೋಟ ತೊಳೆದು ವಾಪಸ್ ಕೊಡು."

ಅಮಾವಾಸ್ಯೆಯ ದಿನ ಇಳಿಹೊತ್ತಿಗೆ ದಡದವರೆಲ್ಲ ಮರಳಿಗೆ ಇಳಿದರು. ಗೌಸ್ ಸಾಬ್ ಅರ್ಧ ಬಿಚ್ಚಿದ ಚಕ್ರ ಬಿಟ್ಟು ಬಂದಿದ್ದ. ಷಣ್ಮುಖಪ್ಪನ ಹೆಗಲ ಮೇಲೆ ಅಂಗಡಿಯ ಟವೆಲ್ ಹಾಗೇ ಇತ್ತು. ಎಲ್ಲರ ಮುಂದೆ ಕಲ್ಲಣ್ಣ.

ದುರುಗೇಶ ಅಂಗಿ ಬದಲಿಸಿ, ಆಟದ ಬನಿಯನ್ ಮಡಚಿ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ. ಯಾರೂ ಹೇಳಿರಲಿಲ್ಲ. ಕೊಟ್ರೇಶನ ಹತ್ತಿರ ಬಂದು ಮೆಲ್ಲಗೆ ಅಂದ, "ಅಣ್ಣಾ, ನಾನೇ ಹೋಗ್ತೀನಿ ಬಿಡಿ. ನಿಮಗೆ ಯಾಕೆ ತೊಂದರೆ."

"ಬನಿಯನ್ ಹಾಕ್ಕೋ," ಅಂದ ಕೊಟ್ರೇಶ.

ಕೊರಳಿನಿಂದ ಸೀಟಿ ತೆಗೆದ. ಬಗ್ಗಿ, ಎಲ್ಲರ ನಡುವೆ ಮರಳಿನ ಮೇಲಿಟ್ಟ.

"ಹುಡುಗ ಇರ್ತಾನೆ. ಸೀಟಿ ಯಾರಿಗೆ ಬೇಕೋ ತಗೊಳ್ಳಿ. ಅವನಿಗೆ ಒಂದು ಬೇಸಿಗೆ ಪೂರ್ತಿ ಆಡೋಕೆ ಬಿಡಿ, ಅಷ್ಟೇ."

ಯಾರೂ ಬಗ್ಗಲಿಲ್ಲ.

ಗೌಸ್ ಸಾಬ್ ಷಣ್ಮುಖಪ್ಪನ ಮುಖ ನೋಡಿದ. "ನೀನಾಗಿದ್ದರೆ ಅಂತಿದ್ದೆಯಲ್ಲ, ತಗೋ."

"ನನಗೆ ಗಿರಾಕಿ ಕಾಯ್ತಿದಾರೆ," ಅಂದ ಷಣ್ಮುಖಪ್ಪ. ಹೋಗಲಿಲ್ಲ, ಅಲ್ಲೇ ನಿಂತ.

"ಹಟ ಮಾಡಬೇಡ ಕೊಟ್ರಾ," ಅಂದ ಕಲ್ಲಣ್ಣ. ದನಿ ಮೊದಲಿನಷ್ಟು ದಪ್ಪಗಿರಲಿಲ್ಲ. "ಮೂರನೇ ಆಟವೂ ಇವನಿಂದಲೇ ಸೋತರೆ?"

"ಸೋಲ್ತೀವಿ, ಅಣ್ಣಾ."

"ನಾಲ್ಕನೇದು?"

"ಗೊತ್ತಿಲ್ಲ."

"ಗೊತ್ತಿಲ್ಲದೆ ಹೇಗೋ ಒಂದು ದಡದ ಮಾನ ಪಣಕ್ಕಿಡ್ತೀಯ? ಇವನೇನು ಹೊಳೆ ದಾಟಿಸ್ತಾನಾ? ಕ್ರಮ ಅಂದರೆ ಕ್ರಮ. ಕಳಿಸಬೇಕಾದವನ್ನ ಕಳಿಸಿಯೇ ಈ ದಡ ನಲವತ್ತು ವರ್ಷ ತಲೆಯೆತ್ತಿ ನಿಂತಿದ್ದು. ಕಳಿಸಿದರೆ ಯಾರೂ ಸತ್ತುಹೋಗಲ್ಲ!"

ಅಷ್ಟು ಹೇಳಿ ಕಲ್ಲಣ್ಣ ನಿಲ್ಲಿಸಿದ.

ದಡದ ಕಡೆಯಿಂದ ಜನ ದಾರಿ ಬಿಟ್ಟರು. ಗುರುಗಳು ಊರುಗೋಲು ಊರಿಕೊಂಡು ಬರುತ್ತಿದ್ದರು. ಸೀಟಿ ಬಿಟ್ಟುಕೊಟ್ಟ ಮೇಲೆ ಅವರು ಮರಳಿಗೆ ಇಳಿದದ್ದು ಅದೇ ಮೊದಲು. ಕೋಲು ಹೂತುಕೊಳ್ಳುತ್ತಿತ್ತು, ಕಿತ್ತು ಮುಂದಿಡುತ್ತಿದ್ದರು. ಕೊಟ್ರೇಶ ಹಿಡಿದುಕೊಳ್ಳಲು ಓಡಿದ. ಬೇಡವೆಂದು ಕೈಯಾಡಿಸಿದರು.

ಮರಳಿನ ಮೇಲಿದ್ದ ಸೀಟಿಯ ಪಕ್ಕದಲ್ಲೇ ಹಾದುಹೋದರು, ಅದರ ಕಡೆ ನೋಡಲಿಲ್ಲ. ಕಲ್ಲಣ್ಣನ ಮುಂದೆ ಬಂದು ನಿಂತು, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಜೋಡಿಸಿದರು.

ಕಲ್ಲಣ್ಣ ಗಾಬರಿಯಾಗಿ ಹಿಂದೆ ಸರಿದ. "ಇದೇನು ಗುರುಗಳೇ! ನೀವ್ಯಾಕೆ ಇಳಿದು ಬಂದ್ರಿ? ಹೇಳಿ ಕಳಿಸಿದ್ದರೆ ನಾನೇ ಬರ್ತಿದ್ದೆ."

"ಹೇಳಿ ಕಳಿಸೋ ಮಾತಲ್ಲ ಇದು," ಅಂದರು ಗುರುಗಳು. ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ. "ನಿನಗೆ ಕೊಡಬೇಕಾಗಿದ್ದ ಬೇಸಿಗೆಯನ್ನ ನಾನು ಇಟ್ಟುಕೊಂಡೆ, ಕಲ್ಲಣ್ಣಾ. ಈಗ ಕೊಡೋಣ ಅಂದರೆ ನನ್ನ ಹತ್ತಿರ ಅದಿಲ್ಲ. ಈ ಹುಡುಗನಿಗೆ ನೀನೊಂದು ಕೊಡ್ತೀಯಾ?"

ಕಲ್ಲಣ್ಣ ಬಗ್ಗಿ ಸೀಟಿ ಎತ್ತಿ, ಮರಳು ಕೊಡವಿ, ಕೊಟ್ರೇಶನ ಕೊರಳಿಗೆ ಹಾಕಿದ.