ಯಾರ ಹಂಗೂ ಬೇಡವೆಂದ ಸವಾರ

“ಮಾಸ್ತರ್ರ, ಯಾರ ಹಂಗೂ ಇಲ್ಲದ ಗೆಲ್ಲಾಕ ಬರಂಗಿಲ್ಲೇನ್ರಿ?”

ವಿಜಯಪುರದಲ್ಲಿ ಸೈಕಲ್ ರೇಸು ಕಲಿಸುವ ಗುರುಗಳ ಮುಂದೆ ಕುಳಿತು ಅವರ ಶಿಷ್ಯ ಸಂಗನಬಸು ಹೀಗೆ ಕೇಳಿದ. ಹಿಂದಿನ ವಾರದ ರೇಸಿನಲ್ಲಿ ಅವನು ಗೆದ್ದಿದ್ದ. ದಾರಿಯುದ್ದಕ್ಕೂ ಅವನ ಮುಂದೆ ಗಾಳಿಗೆ ಅಡ್ಡವಾಗಿ ತುಳಿದವನು ಅವನ ಅಣ್ಣ. ಅಣ್ಣ ಎಳೆದು ತಂದ, ತಮ್ಮ ಹಾರ ಹಾಕಿಸಿಕೊಂಡ ಎಂದು ಊರವರು ಆಡಿಕೊಂಡರು. ಆ ಮಾತು ಸಂಗನಬಸುವಿಗೆ ನಾಟಿತ್ತು. ಮರುದಿನ ರಾಜ್ಯ ತಂಡದ ಆಯ್ಕೆಯ ರೇಸು. ಅಣ್ಣನ ಹಿಂದೆ ಹೋಗುವುದಿಲ್ಲ, ಮೊದಲಿನಿಂದಲೇ ಒಬ್ಬನೇ ತುಳಿಯುತ್ತೇನೆ ಎಂದು ಹಟ ಹಿಡಿದಿದ್ದ. ಹಾಗೆ ತುಳಿದರೆ ಆಯ್ಕೆ ಕೈತಪ್ಪುತ್ತದೆ ಎಂಬುದು ಗುರುಗಳಿಗೆ ಗೊತ್ತಿತ್ತು. ಅವರು ಬೈಯಲಿಲ್ಲ. ಕತೆ ಹೇಳಿದರು.

ಇಂಗ್ಲೆಂಡಿನಲ್ಲಿ ಒಬ್ಬ ಸವಾರನಿದ್ದ. ಆ ಕಾಲಕ್ಕೆ ಅಲ್ಲಿನ ರಸ್ತೆಗಳಲ್ಲಿ ಸೈಕಲ್ಲಿನವರು ಗುಂಪಾಗಿ ಪಂದ್ಯ ನಡೆಸುವಂತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ, ಯಾರ ಕಣ್ಣಿಗೂ ಬೀಳದಂತೆ ಮೈತುಂಬ ಕಪ್ಪು ಬಟ್ಟೆ ತೊಟ್ಟು, ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಗಡಿಯಾರವೇ ಎದುರಾಳಿ. ಮುಂದಿನವನನ್ನು ಹಿಡಿದರೆ ಬದಿಯಿಂದ ದಾಟಿ ಹೋಗಬೇಕು. ಗಾಳಿ ತಪ್ಪಿಸಿಕೊಳ್ಳಲು ಅವನ ಬೆನ್ನ ಮರೆಯಲ್ಲಿ ತುಳಿದರೆ ಅದು ಕಳ್ಳತನ, ಪಂದ್ಯದಿಂದಲೇ ಹೊರಗೆ. ಈ ಸವಾರ ಯಾರ ಬೆನ್ನನ್ನೂ ಬಯಸಿದವನಲ್ಲ. ಆ ದೇಶದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ದೊಡ್ಡ ಪಂದ್ಯ ಗೆಲ್ಲಬೇಕೆಂದು ಅವನು ಸಮುದ್ರ ದಾಟಿ ಹೋಗಿ ಅಲ್ಲಿನ ಒಂದು ತಂಡ ಸೇರಿದ. ಅಲ್ಲಿ ಎಲ್ಲ ಸವಾರರೂ ಒಟ್ಟಿಗೆ ಹೊರಡುತ್ತಿದ್ದರು. ಬಟ್ಟಬಯಲು, ಎದುರು ಗಾಳಿ. ಮುಂದಿನವನು ಗಾಳಿ ತಡೆಯುತ್ತಾನೆ, ಉಳಿದವರು ಅವನ ಹಿಂದೆ ಸಾಲಾಗಿ ತುಳಿಯುತ್ತಾರೆ. ದಣಿದಾಗ ಅವನು ಬದಿಗೆ ಸರಿದು ಸಾಲಿನ ಕೊನೆಗೆ ಹೋಗುತ್ತಾನೆ. ಆಗ ಎರಡನೆಯವನ ಸರದಿ. ಇದನ್ನು ಕಂಡು ಇಂಗ್ಲೆಂಡಿನವನಿಗೆ ಹೇಸಿಗೆಯಾಯಿತು. ಇವರೆಲ್ಲ ಕಳ್ಳರು ಎಂದುಕೊಂಡ. ಸಾಲು ಬಿಟ್ಟು ರಸ್ತೆಯ ಅಂಚಿನಲ್ಲಿ ಒಬ್ಬನೇ ತುಳಿದ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತವು. ಗುಂಪು ಮುಂದೆ ಹೋಗಿಬಿಟ್ಟಿತು.

ಪ್ರತಿ ಪಂದ್ಯದಲ್ಲೂ ಅದೇ ಪಾಡು. ಕೈಲಾಗದವರನ್ನು ಹತ್ತಿಸಿಕೊಳ್ಳಲು ಎಲ್ಲರ ಹಿಂದೆ ಒಂದು ವ್ಯಾನು ಬರುತ್ತಿತ್ತು. ಅದರ ಚಾಲಕ ಅವನಿಗಾಗಿ ಬಾಗಿಲು ತೆರೆದೇ ಇಟ್ಟಿರುತ್ತಿದ್ದ. ಸವಾರ ಒಮ್ಮೆಯೂ ಹತ್ತಲಿಲ್ಲ. ನೋಡಲು ಬಂದ ಜನ ಮನೆ ಸೇರಿದ ಮೇಲೆ, ಪಂದ್ಯದ ಬಾವುಟಗಳನ್ನೂ ಬಿಚ್ಚಿಟ್ಟ ಮೇಲೆ ಬಂದು ಕೊನೆಯ ಗೆರೆ ದಾಟುತ್ತಿದ್ದ. ಹಟವೆಂದರೆ ಅದು. ಅಂಥ ಹಟ ಎಲ್ಲರಿಗೂ ಬರುವುದಿಲ್ಲ, ಅದನ್ನು ನಾನು ಹಗುರವಾಗಿ ಆಡುವುದಿಲ್ಲ. ಆದರೆ ಅಷ್ಟೂ ಹಟವನ್ನು ಅವನು ಗಾಳಿಗೆ ಸುರಿದ.

ಹೀಗೇ ವರ್ಷಗಳು ಹೋದವು. ಒಂದು ದಿನ ಅವನ ತಂಡದ ಹಿರಿಯ ಸವಾರನೊಬ್ಬ ಪಕ್ಕಕ್ಕೆ ಬಂದು ಕೇಳಿದ: “ದಿನವಿಡೀ ಗಾಳಿಯಲ್ಲಿ ಸಾಯುತ್ತೀಯ. ನಿನ್ನ ಬೆನ್ನಿನಿಂದ ಇದುವರೆಗೆ ಯಾರಿಗೆ ಏನು ಸಿಕ್ಕಿದೆ?”

ಅಂದಿನಿಂದ ಸವಾರ ಸಾಲಿಗೆ ಬಂದ. ಗಾಳಿಯಲ್ಲಿ ಪಳಗಿದ ಕಾಲು. ಅವನಷ್ಟು ಹೊತ್ತು ಮುಂದೆ ತುಳಿಯುವವರು ಬೇರೆ ಇರಲಿಲ್ಲ. ತಂಡ ಗೆಲ್ಲತೊಡಗಿತು. ಅವನು ಮಾತ್ರ ದೊಡ್ಡ ಪಂದ್ಯ ಗೆಲ್ಲಲಿಲ್ಲ. ಗೆಲ್ಲುವ ವಯಸ್ಸನ್ನು ಅಂಚಿನಲ್ಲೇ ಕಳೆದುಬಿಟ್ಟಿದ್ದ. ಅದಕ್ಕಾಗಿ ಒಳಗೊಳಗೇ ಬಹಳ ಕೊರಗಿದ.

ಮುಂದೆ ಅವನೇ ತಂಡದ ಮ್ಯಾನೇಜರ್ ಆದ. ಆಗ ಅವನ ದೇಶದಿಂದ ಒಬ್ಬ ಹೊಸಬ ಬಂದ. ಅದೇ ಶಕ್ತಿ, ಅದೇ ಹಟ, ಅದೇ ರಸ್ತೆಯ ಅಂಚು. ಪಂದ್ಯದ ಮೇಲೆ ಪಂದ್ಯದಲ್ಲಿ ಹಿಂದೆ ಬಿದ್ದ. ಇನ್ನೊಮ್ಮೆ ಗುಂಪಿನಿಂದ ಹಿಂದೆ ಬಿದ್ದರೆ ಊರಿಗೆ ಕಳಿಸಿಬಿಡಿ ಎಂದು ತಂಡದ ಯಜಮಾನರು ಹೇಳಿದರು. ಬುದ್ಧಿವಾದ ಹೇಳಿದರೆ ಇವನು ಕೇಳುವವನಲ್ಲ ಎಂದು ಮ್ಯಾನೇಜರನಿಗೆ ಗೊತ್ತಿತ್ತು. ತಾನು ಕೇಳಿದ್ದನೇ? ಆದರೂ ಇವನ ಒಂದು ವರ್ಷವೂ ಹಾಳಾಗಲು ಬಿಡುವುದಿಲ್ಲ ಎಂದು ನಿಶ್ಚಯಿಸಿದ. ಮುಂದಿನ ಪಂದ್ಯದ ಬೆಳಿಗ್ಗೆ ಉಳಿದ ಸವಾರರನ್ನು ಕರೆದು ಹೇಳಿದ: “ಇವತ್ತು ಅವನನ್ನು ಸಾಲಿಗೆ ಕರೆಯಬೇಡಿ. ಅವನು ಎಲ್ಲಿ ತುಳಿಯುತ್ತಾನೋ ಅಲ್ಲೇ ಅವನ ಹಿಂದೆ ಸಾಲು ಕಟ್ಟಿ.”

ಬಯಲಿಗೆ ಬಂದೊಡನೆ ಗಾಳಿ ಎದ್ದಿತು. ಹೊಸಬ ಅಂಚಿಗೆ ಹೋದ. ತಂಡವೆಲ್ಲ ಅವನ ಹಿಂದೆ ಹೋಯಿತು. ಅವನು ಎಡಕ್ಕೆ ಸರಿದ, ಸಾಲೂ ಸರಿಯಿತು. ವೇಗ ಹೆಚ್ಚಿಸಿದ, ಸಾಲೂ ಹೆಚ್ಚಿಸಿತು. ಅವನು ಹಿಂತಿರುಗಿ ಕೂಗಿದ: “ಕಳ್ಳರಾ! ನನ್ನ ಬೆನ್ನಿಗೇಕೆ ಅಂಟಿಕೊಂಡಿದ್ದೀರಿ?”

ಮ್ಯಾನೇಜರ್ ಕಾರನ್ನು ಪಕ್ಕಕ್ಕೆ ತಂದು ತಲೆ ಹೊರಗೆ ಹಾಕಿದ. “ಕಳ್ಳರ ಮಾತು ಸಂಜೆ ಆಡೋಣ. ನೀನು ದಣಿದಿದ್ದೀಯ. ಬದಿಗೆ ಸರಿ.”

ವಾದಿಸಲು ಹೊಸಬನಿಗೆ ಉಸಿರಿರಲಿಲ್ಲ. ಸರಿದ. ಸಾಲಿನವರು ಒಬ್ಬೊಬ್ಬರಾಗಿ ಅವನನ್ನು ದಾಟಿದರು. ಯಾರೂ ಅವನ ಮುಖ ನೋಡಲಿಲ್ಲ. ಕೊನೆಯವನು ದಾಟಿದಾಗ ಅವನ ಎದೆಗೆ ಬಡಿಯುತ್ತಿದ್ದ ಗಾಳಿ ನಿಂತಿತು. ಮತ್ತೆ ಅಂಚಿಗೆ ಹೋಗಬಹುದಿತ್ತು. ಹೋಗಲಿಲ್ಲ. ನಾಚಿಕೆಯಿಂದ ಮುಖ ಕೆಂಪಾಯಿತು, ಆದರೆ ಕಾಲಿಗೆ ಜೀವ ಬಂತು. ಸರದಿ ಬಂದಾಗ ಮತ್ತೆ ಮುಂದೆ ಹೋಗಿ ಹಲ್ಲು ಕಚ್ಚಿ ತುಳಿದ. ಸಂಜೆ ಮುಂಚೂಣಿಯ ಗುಂಪಿನೊಡನೆ ಗೆರೆ ಮುಟ್ಟಿದ. ಅವನನ್ನು ಊರಿಗೆ ಕಳಿಸುವ ಮಾತು ಮತ್ತೆ ಏಳಲಿಲ್ಲ. ಮ್ಯಾನೇಜರ್ ಕಾರಿನಿಂದ ಇಳಿಯದೆ, ಕಳೆದುಹೋದ ತನ್ನ ವರ್ಷಗಳನ್ನು ನೆನೆದು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಸಂಗನಬಸು ಬಗ್ಗಲಿಲ್ಲ.

“ಅಂವಾ ಸೋತಿದ್ದ, ಅದಕ್ಕ ಮಂದಿ ಹಂಗಿಗೆ ಬಿದ್ದ. ನಾ ಯಾಕ ಬೀಳ್ಲಿರಿ? ಹೋದ ವಾರದ್ದೊಂದು ಬಿಟ್ರ, ಸೈಕಲ್ ಹತ್ತಿದಾಗಿಂದ ನಾ ಯಾರ ಹಂಗಿನ್ಯಾಗೂ ಇಲ್ರಿ.”

ಗುರುಗಳು ಅವನನ್ನೇ ನೋಡಿ ಕೇಳಿದರು:

“ನೀ ಸೈಕಲ್ ಕಲಿಯುವಾಗ ಸೀಟ್ ಹಿಡಕೊಂಡು ಹಿಂದ ಹಿಂದ ಓಡಿದಾವ ಯಾರಪಾ?”

ಸಂಗನಬಸು ಎದ್ದು ಅಣ್ಣನನ್ನು ಹುಡುಕಿಕೊಂಡು ಹೊರಟ.