ನಲ್ಲಿಯ ಕೆಳಗಿನ ಬಟ್ಟಲು

ಮಗಳ ಮದುವೆಗೆಂದು ಲಾದ್ರು ಮನೆಯಲ್ಲೇ ಒಂದು ಪೀಪಾಯಿ ಬಿಯರ್ ಹುದುಗಲು ಇಟ್ಟಿದ್ದ. ಪೀಪಾಯಿಯ ನಲ್ಲಿ ಸೋರುತ್ತಿತ್ತು. ಅದರ ಕೆಳಗೆ ಒಂದು ಪಿಂಗಾಣಿ ಬಟ್ಟಲು ಇಟ್ಟು, ತುಂಬಿದಾಗೆಲ್ಲ ರುಚಿ ನೋಡುವ ನೆಪದಲ್ಲಿ ಖಾಲಿ ಮಾಡುತ್ತಿದ್ದ.

ಗೋಡೆಯ ಗೂಡಿನಲ್ಲಿ ಬಿದ್ದಿದ್ದ ಹೊಸ ವಾಷರ್‌ಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಅದು ಬಟ್ಟಲಿಗೆ ಹೇಳಿತು:

"ಅಣ್ಣಾ, ನೀನು ಯಜಮಾನರ ಕೈಯಲ್ಲೇ ಓಡಾಡುವವನು. ನನ್ನನ್ನು ನಲ್ಲಿಗೆ ಹಾಕಲು ಹೇಳು. ಆಮೇಲೆ ಒಂದು ಹನಿಯೂ ಬೀಳದು."

"ಹನಿ ಬೀಳದಿದ್ದರೆ ನಿನ್ನನ್ನು ಯಾರು ನೆನೆಯುತ್ತಾರೆ, ತಮ್ಮಾ?" ಎಂದಿತು ಬಟ್ಟಲು. "ನನ್ನನ್ನು ನೋಡು, ದಿನಕ್ಕೆ ನಾಲ್ಕು ಸಲ ಎತ್ತಿ ಮುತ್ತಿಡುತ್ತಾರೆ."

ಮದುವೆಯ ದಿನ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬಂತು. ಲಾದ್ರು ಬಟ್ಟಲಲ್ಲಿ ಉಳಿದಿದ್ದ ಒಂದು ಗುಟುಕನ್ನು ಬೀಗರ ಮುಂದಿಟ್ಟು, ವಾಷರ್‌ಗೂ ಕೇಳಿಸುವಂತೆ ಹೇಳಿದ:

"ಈ ಬಟ್ಟಲೊಂದು ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ."