ನಡುಹೊಳೆಯ ಬಂಡೆ

ಶಿಷ್ಯ ಕೇಳಿದ: “ಗುರುಗಳೇ, ತಿಳಿದವರು ಒಂದು ಹೇಳುತ್ತಾರೆ, ನನ್ನ ಮನಸ್ಸು ಇನ್ನೊಂದು ಹೇಳುತ್ತದೆ. ಯಾವುದು ಸರಿ ಎಂದು ತಿಳಿಯುತ್ತಿಲ್ಲ. ಈ ಗೊಂದಲ ತೀರಿದ ಮೇಲೆಯೇ ಮುಂದಿನ ಹೆಜ್ಜೆ ಇಡೋಣವೆಂದಿದ್ದೇನೆ. ಇದು ತೀರುವುದು ಯಾವಾಗ?”

ಗುರುಗಳು ಹೇಳಿದರು:

ಒಬ್ಬ ನೇಕಾರ, ಒಬ್ಬ ಗಾಣಿಗ ಗೆಳೆಯರಾಗಿದ್ದರು. ನೇಕಾರನಿಗೆ ಮೀನು ಹಿಡಿಯುವ ಹುಚ್ಚು. ಹುಂಜದ ಗರಿಯನ್ನು ನೂಲಿನಿಂದ ಬಿಗಿದು, ನೊಣದಂತೆ ಕಾಣುವ ಗಾಳ ಕಟ್ಟುತ್ತಿದ್ದ. ಅದನ್ನು ನೀರಿನ ಮೇಲೆ ಹಾರಿಸಿ ಇಳಿಸಿದರೆ ಮೀನು ಮೋಸಹೋಗುತ್ತಿತ್ತು. ಗಾಣಿಗನಿಗೆ ಅದೇನೂ ಬಾರದು. ಗೆಳೆಯ ಕರೆದನೆಂದು ಒಂದು ದಿನ ಜೊತೆಗೆ ಹೋದ.

ಹೊಳೆಗೆ ಮೇಲುಗಡೆ ಅಣೆಕಟ್ಟು ಕಟ್ಟಿದ್ದರು. ಕೆಳಗೆ ನೀರು ಕಡಿಮೆಯಿತ್ತು. ಇಬ್ಬರೂ ನಡೆದುಕೊಂಡೇ ನಡುಹೊಳೆಯ ಬಂಡೆ ಸೇರಿದರು. ಗಾಣಿಗನಿಗೂ ಒಂದು ಮೀನು ಸಿಕ್ಕಿತು. ಅವನು ಮಗುವಿನಂತೆ ನಕ್ಕ.

ಸ್ವಲ್ಪ ಹೊತ್ತಿನಲ್ಲಿ ಅವನ ಪಾದ ನೆನೆಯಿತು. ನೋಡಿದರೆ ಬಂಡೆಯ ಅಂಚು ಕಾಣಲಿಲ್ಲ.

“ನೀರು ಏರುತ್ತಿದೆ ಕಣಯ್ಯ, ದಡಕ್ಕೆ ಹೋಗೋಣ” ಎಂದ.

ನೇಕಾರ ನಕ್ಕ. “ನಾನು ಈಜು ಕಲಿತದ್ದೇ ಈ ಹೊಳೆಯಲ್ಲಿ. ನೆರೆ ಬರುವಾಗ ನೀರು ಕೆಂಪಾಗುತ್ತದೆ, ಕಸಕಡ್ಡಿ ತೇಲಿ ಬರುತ್ತದೆ. ಈ ನೀರು ನೋಡು, ಕನ್ನಡಿಯಂತಿದೆ. ಆಕಾಶದಲ್ಲಿ ಒಂದು ಮೋಡವಿಲ್ಲ.”

“ಅಣೆಕಟ್ಟಿನಿಂದ ಬಿಟ್ಟಿದ್ದರೆ?”

“ಬಿಡುವ ಮೊದಲು ಊರಲ್ಲಿ ಡಂಗುರ ಹೊಡೆಸುತ್ತಾರೆ. ಸುಮ್ಮನೆ ನಿಲ್ಲು, ಮೀನು ಬೆದರುತ್ತದೆ.”

ಗಾಣಿಗನಿಗೆ ದಿಕ್ಕು ತೋಚಲಿಲ್ಲ. ಹೇಳುತ್ತಿರುವವನು ಹೊಳೆಯನ್ನು ಬಲ್ಲವನು. ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಕಾಲಡಿಯ ನೀರು ಮಾತು ಕೇಳುತ್ತಿರಲಿಲ್ಲ. ಹೋದರೆ ಗೆಳೆಯನನ್ನು ಬಿಟ್ಟುಹೋದಂತೆ, ನಿಂತರೆ ಏನಾಗುವುದೋ ತಿಳಿಯದು. ನಾನು ಹೇಡಿಯೋ, ಅವನು ಮೂರ್ಖನೋ ಎಂದು ತನ್ನನ್ನೇ ಕೇಳಿಕೊಂಡ. ಉತ್ತರವಿಲ್ಲದೆಯೇ ನೀರಿಗಿಳಿದು ನಡೆದ. ದಡ ಹತ್ತುವ ಮೊದಲೇ ನೀರು ಅವನ ಎದೆಗೆ ಬಂದಿತ್ತು.

ತಿರುಗಿ ನೋಡಿದ. ಬಂಡೆ ಮುಳುಗಿತ್ತು. ನೇಕಾರ ಸೊಂಟದವರೆಗಿನ ನೀರಿನಲ್ಲಿ ತೂಗಾಡುತ್ತಾ ನಿಂತಿದ್ದ. ಅವನು ಕೂಗಲಿಲ್ಲ. ಕೂಗದ ಕಾರಣ ಅವನಿಗೆ ನೆರವು ಬೇಕೋ ಬೇಡವೋ ಎಂಬುದೂ ಗಾಣಿಗನಿಗೆ ತಿಳಿಯಲಿಲ್ಲ.

ಆದರೂ ಅವನು ಓಡಿ, ದಡದಲ್ಲಿ ಎಮ್ಮೆ ಕಟ್ಟಿದ್ದ ಉದ್ದನೆಯ ಹಗ್ಗ ಬಿಚ್ಚಿದ. ಒಂದು ತುದಿಯನ್ನು ಮರಕ್ಕೆ ಬಿಗಿದು, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ಬಂಡೆಗಿಂತ ಮೇಲುಗಡೆಯಿಂದ ನೀರಿಗೆ ಧುಮುಕಿದ. ಹೊಳೆ ಅವನನ್ನು ಬಂಡೆಯ ಬಳಿಗೆ ತಳ್ಳಿತು. ಗೆಳೆಯನನ್ನು ತಬ್ಬಿ ಹಿಡಿದ. ನೇಕಾರನ ಗಾಳದ ಕೋಲು ಕೈಜಾರಿ ಹೋಯಿತು. ಇಬ್ಬರೂ ಹಗ್ಗ ಹಿಡಿದು, ನೀರು ಕುಡಿಯುತ್ತಾ ದಡ ಹತ್ತಿದರು.

ಅವರು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ನೀರು ಇಳಿಯತೊಡಗಿತು. ಮೇಲೆ ಅಣೆಕಟ್ಟಿನ ಬಾಗಿಲು ಮುಚ್ಚಿದ್ದರೋ ಏನೋ. ಬಂಡೆಯ ತಲೆ ಮತ್ತೆ ಕಾಣಿಸಿತು.

ನೇಕಾರ ಅದನ್ನು ನೋಡಿ ಹೇಳಿದ: “ಕಂಡೆಯಾ? ಇನ್ನೊಂದು ಗಳಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ನಿನ್ನ ಅವಸರಕ್ಕೆ ನನ್ನ ಕೋಲು ಹೋಯಿತು.”

ಗಾಣಿಗ ಒದ್ದೆ ಬಟ್ಟೆ ಹಿಂಡಿಕೊಂಡು ಹೊರಟ. ತಾನು ಗೆಳೆಯನ ಪ್ರಾಣ ಉಳಿಸಿದೆನೋ, ಅವನ ಕೋಲು ಕಳೆದೆನೋ ಎಂದು ದಾರಿಯುದ್ದಕ್ಕೂ ಯೋಚಿಸಿದ. ಮನೆ ಸೇರಿದರೂ ಬಗೆಹರಿಯಲಿಲ್ಲ. ಆಮೇಲೊಂದು ದಿನ ಅವರು ಮತ್ತೆ ಹೊಳೆಗೆ ಹೋದರು. ನೇಕಾರ ದಡದಲ್ಲೇ ಕುಳಿತು ಗಾಳ ಬೀಸಿದ. ಹೆದರಿದನೋ, ಅಂದು ಮೀನು ದಡದಲ್ಲೇ ಇತ್ತೋ, ಗಾಣಿಗನಿಗೆ ಅದೂ ತಿಳಿಯಲಿಲ್ಲ. ಕೋಲಿನ ಮಾತು ಬಂದಾಗಲೆಲ್ಲ ಇಬ್ಬರಿಗೂ ಜಗಳ.

ಗುರುಗಳು ಕಥೆ ಮುಗಿಸಿದರು.

ಶಿಷ್ಯ ಕೇಳಿದ: “ಹಾಗಾದರೆ ಗಾಣಿಗನ ಗೊಂದಲ ಕೊನೆಗೂ ತೀರಲಿಲ್ಲವೇ?”

“ಇಲ್ಲ” ಎಂದರು ಗುರುಗಳು, “ಆದರೆ ಗೊಂದಲಪಡಲು ಅವನೂ ಉಳಿದಿದ್ದಾನೆ, ಜಗಳವಾಡಲು ನೇಕಾರನೂ ಉಳಿದಿದ್ದಾನೆ.”